ಅಚ್ಚೇರು ಪೆಟ್ರೋಲು

ನಮ್ಮ ದೊಡ್ಡಮ್ಮನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ರುಬ್ಬುಗುಂಡಿನಡಿ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಬೋಳು ಬೆರಳನ್ನು ಪಾತ್ರೆಯ ಹೊರಮೈಗೆ ಒತ್ತಿ, ಸಾರು ಇನ್ನೆಷ್ಟು ಹೊತ್ತು ಬಿಸಿಯಾಗಿರುತ್ತದೆ ಎಂದು ಹೇಳಿಬಿಡುತ್ತಿದ್ದರು.

ಯಾದವಗಿರಿಯಲ್ಲಿ ಅವರದೊಂದು ಮೆಸ್ಸು. ದೊಡ್ಡಪ್ಪ ಹೋದ ಮೇಲೆ ಒಬ್ಬರೇ ನಿಂತು ಕಟ್ಟಿದ್ದು. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದಿದ್ದ ಕಾಲ. ನಾನು ಅವರ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಊರಾಚೆಯ ಒಂದು ಆಸ್ಪತ್ರೆಗೆ, ನಲವತ್ತು ರೋಗಿಗಳಿಗೆ, ಮಧ್ಯಾಹ್ನದ ಊಟ ಮೆಸ್ಸಿನಿಂದಲೇ ಹೋಗುತ್ತಿತ್ತು. ಜಟಕಾ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅನ್ನ ಆರಿ ಕಲ್ಲಾಗುತ್ತಿತ್ತು. ಮುಂದಿನ ತಿಂಗಳಿಂದ ಬಿಸಿಯಾಗಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಆ ಕೆಲಸ ತಪ್ಪಿದರೆ ಮೆಸ್ಸಿಗೆ ಬೀಗವೇ.

ದೊಡ್ಡಮ್ಮ ಕಾರು ಕೊಳ್ಳಲು ತೀರ್ಮಾನಿಸಿದರು. ಹಳೆಯದು, ಅಗ್ಗದ್ದು, ಪೆಟ್ರೋಲು ಕುಡಿಯದ್ದು. ಅಕ್ಕಿ ಮೂಟೆ ಕೊಳ್ಳುವ ಮುನ್ನ ಒಂದು ಪಾವು ತಂದು ಬೇಯಿಸಿ ನೋಡುವುದು ಅವರ ಪದ್ಧತಿ. ಕಾರಿಗೂ ಅದೇ. ಟ್ಯಾಂಕು ಬರಿದು ಮಾಡಿಸಿ, ಅರ್ಧ ಸೇರು ಹಿಡಿಯುವ ಮನೆಯ ಅಚ್ಚೇರಿನಲ್ಲಿ ಪೆಟ್ರೋಲು ಅಳೆದು ಹಾಕಿಸಿ, ಹಿಂದೆ ಊಟದ ಭಾರಕ್ಕೆ ಸಮನಾಗಿ ನೀರು ತುಂಬಿದ ಎರಡು ಕೊಳದಪ್ಪಲೆ ಇಡಿಸಿ, ಎಷ್ಟು ದೂರ ಓಡುತ್ತದೆಂದು ನೋಡುವುದು.

ಸಂತೇಪೇಟೆಯ ಕಾರು ದಲ್ಲಾಳಿ ನಕ್ಕ. "ಅಮ್ಮಾವ್ರೇ, ಇದು ಕಾರು ಕಣ್ರೀ. ರುಚಿ ನೋಡಿ ತಗೊಳ್ಳೋಕೆ ಕೋಸಂಬರಿ ಅಲ್ಲ."

"ರುಚಿ ನೋಡ್ದೆ ನಾನು ಉಪ್ಪೂ ತಗೊಂಡಿಲ್ಲ ಕಣಪ್ಪ. ಹಾಕು."

ಮೊದಲ ಕಾರು, ಉದ್ದ ಮೂತಿಯದು, ಒಂಟಿಕೊಪ್ಪಲು ಮುಟ್ಟುವುದರೊಳಗೆ ಕೆಮ್ಮಿ ನಿಂತಿತು. ಎರಡನೆಯದು ಚಿಕ್ಕದು, ಹೊಸ ಹಸಿರು ಬಣ್ಣ. ದಲ್ಲಾಳಿಯೇ ಓಡಿಸುತ್ತಿದ್ದ, ದೊಡ್ಡಮ್ಮ ಅವನ ಪಕ್ಕ, ನಾನು ಹಿಂದೆ ಕೊಳದಪ್ಪಲೆಗಳ ನಡುವೆ. ಅದು ಓಡಿತು, ಓಡುತ್ತಲೇ ಇತ್ತು. ದೊಡ್ಡಮ್ಮನ ಮುಖ ಅರಳಿತು. ರೈಲ್ವೆ ಗೇಟಿನ ಕಡೆಯ ಇಳಿಜಾರಿನಲ್ಲಿ ಎಂಜಿನ್ನಿನ ಸದ್ದು ನಿಂತುಹೋಯಿತು. ಪೆಟ್ರೋಲು ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ, ಅಚ್ಚೇರನ್ನು ಇನ್ನಷ್ಟು ದೂರ ಎಳೆಯಲು ಅವನೇ ಎಂಜಿನ್ ಆರಿಸಿ, ಗೇರು ತಪ್ಪಿಸಿ, ಕಾರನ್ನು ತಾನಾಗಿ ಇಳಿಯಲು ಬಿಟ್ಟಿದ್ದ.

ಕೆಳಗೆ ಗೇಟು ಮುಚ್ಚಿತ್ತು. ಅವನು ಬ್ರೇಕು ತುಳಿದ. ಮತ್ತೆ ತುಳಿದ. ಕಾರು ನಿಲ್ಲಲಿಲ್ಲ. ಗೇಟಿನ ಕೆಂಪು ಬಿಲ್ಲೆ ದೊಡ್ಡದಾಗುತ್ತ ಬಂದದ್ದು, ಅದರಾಚೆ ರೈಲಿನ ಹೊಗೆ, ನನ್ನ ಕಾಲ ಮೇಲೆ ತುಳುಕಿದ ತಣ್ಣೀರು: ಈಗಲೂ ಕಣ್ಣು ಮುಚ್ಚಿದರೆ ಎಲ್ಲ ಅದೇ ಕ್ರಮದಲ್ಲಿ ಬರುತ್ತದೆ. ಕೆಲವೊಮ್ಮೆ ಕಾರು ನಿಲ್ಲುವುದೇ ಇಲ್ಲ.

"ಮರಳಿಗೆ ನುಗ್ಸೋ! ಮರಳಿಗೆ!" ದೊಡ್ಡಮ್ಮ ಕೂಗಿದರು.

ಅವನ ಕೈ ಮರಗಟ್ಟಿತ್ತು. ದೊಡ್ಡಮ್ಮ ಅಡ್ಡಬಿದ್ದು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಎಳೆದರು. ಯಾರದೋ ಹೊಸ ಮನೆಯ ಮುಂದಿದ್ದ ಮರಳು ಗುಡ್ಡೆಯಲ್ಲಿ ಕಾರು ಮೂತಿ ಹೂತು ನಿಂತಿತು. ರೈಲು ಹಾದುಹೋಯಿತು.

"ನೀವೇ ತಾನೇ ಅಮ್ಮಾವ್ರೇ, ಜಾಸ್ತಿ ದೂರ ಓಡಿದ್ದನ್ನೇ ತಗೋತೀನಿ ಅಂದಿದ್ದು?" ಎಂದ ದಲ್ಲಾಳಿ.

ಬೈಯುತ್ತಾರೆಂದು ಕಾದೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, ಅವನೆದುರಿಗೇ ಹೇಳಿದರು: "ಅವ್ನಂದಿದ್ದು ಸರಿ ಕಣೇ. ಎಷ್ಟು ದೂರ ಓಡುತ್ತೆ ಅಂತ ಕೇಳ್ದೆ. ನಿಲ್ಲುತ್ತಾ ಅಂತ ಕೇಳ್ಲಿಲ್ಲ. ಅದೂ ನಿನ್ನ ಕೂರಿಸ್ಕೊಂಡು."

ಪರರೆದುರು ತಪ್ಪೊಪ್ಪಿಕೊಂಡ ಹಿರಿಯರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಾರನೆಯ ದಿನ ಮೂರನೆಯ ಕಾರು. ನಾನು ಬರುವುದಿಲ್ಲವೆಂದೆ.

"ಇವತ್ತು ಹತ್ತದಿದ್ರೆ ಇನ್ಯಾವತ್ತೂ ಹತ್ತಲ್ಲ ನೀನು. ಬಾ. ಮೊದ್ಲು ನಿಲ್ಸಿ ನೋಡೋಣ."

ತುಂಬಿದ ಕೊಳದಪ್ಪಲೆಗಳೊಡನೆ, ಸಣ್ಣ ಇಳಿಜಾರೊಂದರಲ್ಲಿ ಹತ್ತು ಸಲ ನಿಲ್ಲಿಸಿದ ಮೇಲೆಯೇ ಅಚ್ಚೇರು ಹೊರಬಂದದ್ದು. ಈ ಕಾರು ಹಸಿರು ಕಾರಿನಷ್ಟು ದೂರ ಓಡಲಿಲ್ಲ. ಅದನ್ನೇ ಕೊಂಡರು. ಡ್ರೈವರಿಗೆ ಒಂದೇ ಕಟ್ಟಪ್ಪಣೆ: ಇಳಿಜಾರಿನಲ್ಲಿ ಎಂಜಿನ್ ಆರಿಸಕೂಡದು. ತಿಂಗಳ ಮೊದಲ ದಿನ ಆಸ್ಪತ್ರೆಯ ಅಂಗಳದಲ್ಲಿ ಮುಚ್ಚಳ ತೆಗೆದಾಗ ಎದ್ದ ಆವಿಗೆ ದೊಡ್ಡಮ್ಮನ ಕನ್ನಡಕ ಮಂಜಾಯಿತು. ಒರೆಸಿಕೊಳ್ಳದೆ ಹಾಗೇ ನಿಂತಿದ್ದರು. ಅಂದಿನಷ್ಟು ತಲೆಯೆತ್ತಿಕೊಂಡು ನಾನು ಯಾವ ಕಾರಿನಲ್ಲೂ ಮನೆಗೆ ಬಂದಿಲ್ಲ.

ಡ್ರೈವರಿಗೆ ಹೇಳಿ ನನಗೂ ಕಾರು ಓಡಿಸಲು ಕಲಿಸಿದರು. ಅವರು ಹಾಸಿಗೆ ಹಿಡಿದ ವರ್ಷ, ಡ್ರೈವರ್ ಬಾರದ ದಿನಗಳಲ್ಲಿ ಊಟ ಒಯ್ದವಳು ನಾನೇ. ಗೇಟಿನ ಇಳಿಜಾರಿನಲ್ಲಿ ಅಂಗೈ ಬೆವರುತ್ತಿತ್ತು. ತೀರಿಕೊಳ್ಳುವ ಮುನ್ನಾದಿನ ಕೇಳಿದರು: "ಭಯ ಹೋಯ್ತೇನೇ?"

"ಇಲ್ಲ ದೊಡ್ಡಮ್ಮ."

"ಇರ್ಲಿ ಬಿಡು. ಭಯ ಇರೋರ ಕೈಲೇ ಊಟ ಕಳಿಸ್ಬೇಕು."