ಎರಡನೇ ಗಂಟೆ

ಇಪ್ಪತ್ತಾರು ವರ್ಷ ನಾನು ಸಂಬಳ ತೆಗೆದುಕೊಂಡು ಮಾಡಿದ ಕೆಲಸವನ್ನು ನಮ್ಮ ಇಂಡಿಯಾನಾದ ಹಸುಗಳು ಪುಕ್ಕಟೆ ಮಾಡುತ್ತವೆ. ಗಂಟೆ ಅಲ್ಲಾಡಿಸುವುದು.

ಕಾಗದದ ಮೇಲೆ ನಾನು ಡೆಲ್ಬರ್ಟ್ ಕ್ರೌಸ್, ಗ್ರಿಬಲ್ಸ್ ಅಂಗಡಿಯ ಕೆಂಟ್ ಫೋರ್ಕ್ಸ್ ಶಾಖೆಯ ಅಸಿಸ್ಟೆಂಟ್ ಮ್ಯಾನೇಜರ್. ಒಂದು ಕಾಲಕ್ಕೆ ಆರು ರಾಜ್ಯಗಳಲ್ಲಿ ಇನ್ನೂರಕ್ಕೂ ಹೆಚ್ಚು ಗ್ರಿಬಲ್ಸ್ ಇದ್ದವು. ಕಾಲುಚೀಲದಿಂದ ಹಿಡಿದು ಹುಲ್ಲು ಕತ್ತರಿಸುವ ಯಂತ್ರದವರೆಗೆ ಅಲ್ಲಿ ಸಿಗದ ಸಾಮಾನಿರಲಿಲ್ಲ, ಅಗ್ಗವಲ್ಲದ ಸಾಮಾನೂ ಇರಲಿಲ್ಲ. ಅಂಗಡಿ ಕಟ್ಟಿದ ಮುದುಕ ಗ್ರಿಬಲ್ ಮೊದಲು ಹಾಲು ಮಾರುತ್ತಿದ್ದವನು. ವ್ಯಾಪಾರಕ್ಕೆ ಬಂದಾಗ ಹಸುಗಳನ್ನು ಮಾರಿ, ಒಂದು ಹಸುವಿನ ಕೊರಳ ಗಂಟೆಯನ್ನು ಮಾತ್ರ ಉಳಿಸಿಕೊಂಡನಂತೆ. ಅಲ್ಲಿಂದ ಹುಟ್ಟಿದ್ದು ನಮ್ಮ ಪದ್ಧತಿ. ದಿನಕ್ಕೆ ಮೂರು ಸಲ, ಯಾವ ಹೊತ್ತಿಗೆಂದು ಯಾರಿಗೂ ಮೊದಲೇ ಹೇಳದೆ, ಒಬ್ಬ ನೌಕರ ಯಾವುದಾದರೂ ಒಂದು ಸಾಮಾನಿನ ಸಾಲಿನಲ್ಲಿ ನಿಂತು ಹಸುವಿನ ಗಂಟೆ ಬಾರಿಸಬೇಕು. ಅಲ್ಲಿಂದ ಹತ್ತು ನಿಮಿಷ ಆ ಸಾಲಿನ ಒಂದು ಸಾಮಾನಿಗೆ ಅರ್ಧ ಬೆಲೆ. ಹತ್ತು ನಿಮಿಷಕ್ಕೆ ಅವನೇ ಎರಡನೇ ಗಂಟೆ ಬಾರಿಸಿದನೆಂದರೆ ಮುಗಿಯಿತು, ಬೆಲೆ ಮತ್ತೆ ಹಳೆಯದೇ.

ಮ್ಯಾನೇಜರುಗಳು ಗಂಟೆ ಮುಟ್ಟುತ್ತಿರಲಿಲ್ಲ, ಟೈ ಕಟ್ಟಿದವರಿಗೆ ನಾಚಿಕೆ. ಟೈ ನಾನೂ ಕಟ್ಟುತ್ತಿದ್ದೆ, ನಾಚಿಕೆಯ ಭಾಗ ಮಾತ್ರ ದೇವರು ನನಗೆ ಹಂಚುವಾಗ ಮರೆತಿದ್ದ. ಠಣ್ ಎಂದರೆ ಸಾಕು, ಚಪ್ಪಲಿ ಅಳತೆ ನೋಡುತ್ತಿದ್ದವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬರುತ್ತಿದ್ದರು. ಜನ ನನ್ನತ್ತ ಓಡಿಬಂದದ್ದು ಈ ಜನ್ಮದಲ್ಲಿ ಆ ಹತ್ತು ನಿಮಿಷಗಳಲ್ಲಿ ಮಾತ್ರ. ಅವರು ಬಂದದ್ದು ಅರ್ಧ ಬೆಲೆಯ ಟವೆಲ್ಲಿಗೆಂದು ನನಗೆ ಗೊತ್ತಿತ್ತು. ಆದರೂ ಖುಷಿಯಾಗುತ್ತಿತ್ತು.

ಲೊರೀನ್ ಸಿಕ್ಕಿದ್ದೂ ಗಂಟೆಯಿಂದಲೇ. ಎಪ್ಪತ್ತೇಳನೇ ಇಸವಿಯ ನವೆಂಬರ್. ಅವತ್ತು ಥರ್ಮಾಸ್ ಫ್ಲಾಸ್ಕಿಗೆ ಅರ್ಧ ಬೆಲೆ. ನಾನು ಎರಡನೇ ಗಂಟೆ ಬಾರಿಸಿ ಗಂಟೆಯ ನಾಲಗೆ ಹಿಡಿದುಕೊಳ್ಳುವಷ್ಟರಲ್ಲಿ, ಶಾಲೆಯ ಬಸ್ ಓಡಿಸುವವರ ಜಾಕೆಟ್ ತೊಟ್ಟ ಒಬ್ಬಳು ಏದುಸಿರು ಬಿಡುತ್ತ ಬಂದು ನಿಂತಳು.

"ಮುಗೀತು ಮೇಡಂ" ಅಂದೆ.

"ಸದ್ದು ಇನ್ನೂ ಕಿವೀಲೇ ಇದೆ."

"ನಿಯಮ ಅಂದ್ರೆ ನಿಯಮ. ನಾಳೆ ಬನ್ನಿ, ಅದೃಷ್ಟ ಇದ್ರೆ ಮತ್ತೆ ಬಾರಿಸ್ತೀವಿ."

"ನನಗೆ ಕಾಫಿ ಬೇಕಾಗಿರೋದು ನಾಳೆ ಬೆಳಿಗ್ಗೆ ಐದಕ್ಕೆ. ನಿಮ್ಮ ಗಂಟೆಗೆ ಕಾಯ್ತಾ ಕೂತ್ರೆ ಮಕ್ಕಳು ಸ್ಕೂಲಿಗೆ ಹೋದ ಹಾಗೇ" ಅಂದವಳೇ ಫ್ಲಾಸ್ಕ್ ಎತ್ತಿಕೊಂಡು, ಪೂರ್ತಿ ಬೆಲೆ ಕೊಟ್ಟು ಹೊರಟುಹೋದಳು.

ಹೇಳಿದ ಮೊದಲ ಬೆಲೆಗೇ ಸಾಮಾನು ಕೊಳ್ಳುವ ಮನುಷ್ಯರನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಮರ ಕೊಳ್ಳುತ್ತಿದ್ದುದು ಡಿಸೆಂಬರ್ ಇಪ್ಪತ್ತಾರಕ್ಕೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಯನ್ನು ಹಬ್ಬ ಕಳೆದ ಸೋಮವಾರ ತಿನ್ನುತ್ತಿದ್ದೆವು. ಲೊರೀನ್ ಮದುವೆಗೆ ಒಪ್ಪಿದ ಮೇಲೂ ಉಂಗುರದ ಅಂಗಡಿಯವನು ಜನವರಿಯಲ್ಲಿ ಬೆಲೆ ಇಳಿಸುತ್ತಾನೆಂದು ನಾನು ಮೂರು ತಿಂಗಳು ಕಾದೆ. ಅವಳೂ ಕಾದಳು. ಯಾಕೆ ಕಾದಳೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ತೊಂಬತ್ತೊಂದರಲ್ಲಿ ರಸ್ತೆಯಾಚೆ ಇನ್ನೊಂದು ಅಂಗಡಿ ಬಂತು. ಅದರ ಹೆಸರನ್ನು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ನಮ್ಮ ನಾಲ್ಕು ಅಂಗಡಿ ಅದರ ಹೊಟ್ಟೆಯೊಳಗೆ ಹಿಡಿಸುತ್ತಿತ್ತು. ಅಲ್ಲಿ ದಿನವಿಡೀ ಅರ್ಧ ಬೆಲೆ, ಗಂಟೆಯ ಹಂಗಿಲ್ಲ. ನಮ್ಮ ಕಡೆ ಸಾಮಾನು ಬರುವುದು ತಡವಾಯಿತು, ಆಮೇಲೆ ಕಡಿಮೆಯಾಯಿತು, ಆಮೇಲೆ ಖಾಲಿ ಹಲಗೆಗಳನ್ನು ಮುಚ್ಚಲು ಒಂದೇ ಬಣ್ಣದ ಮಗ್ಗುಗಳನ್ನು ಸಾಲಾಗಿ ಜೋಡಿಸುವುದು ನನ್ನ ಕೆಲಸವಾಯಿತು. ಒಂದು ದಿನ ಸೋರುವ ಮಾಡಿನ ಕೆಳಗೆ ಇಟ್ಟಿದ್ದ ಬಕೆಟ್ಟನ್ನು ಯಾರೋ ನೀರು ಚೆಲ್ಲಿ ಕೊಂಡುಹೋದರು. ಆ ಮಧ್ಯಾಹ್ನದ ವ್ಯಾಪಾರ ಅದೊಂದೇ.

ನಾನು ಶಪಥ ಮಾಡಿದೆ. ಆ ಕಡೆಯ ಚೀಲ ನಮ್ಮ ಮನೆಯ ಹೊಸಿಲು ದಾಟಬಾರದು. ಅಂಗಡಿಯ ಊಟದ ಕೋಣೆಯಲ್ಲಿ ಎಲ್ಲರ ಮುಂದೆ ದಿನಾ ಹೇಳುತ್ತಿದ್ದೆ, "ನಮ್ಮನೆಗೆ ಬಂದು ನೋಡಿ. ಒಂದು ಗುಂಡುಪಿನ್ನು ಆ ಕಡೇದು ಸಿಕ್ಕಿದ್ರೆ ನನ್ನ ಹೆಸರು ಬದಲಾಯಿಸ್ತೀನಿ." ಆಗೆಲ್ಲ ಕ್ಯಾಶ್ ಕೌಂಟರಿನ ಪ್ಯಾಟ್ಸಿಗೆ ಕೆಮ್ಮು ಬರುತ್ತಿತ್ತು. ಅವಳಿಗೆ ಶ್ವಾಸಕೋಶದ ತೊಂದರೆ ಇದೆ ಎಂದುಕೊಂಡು ನಾನು ಮರುಗುತ್ತಿದ್ದೆ.

ಹತ್ತು ವರ್ಷದ ಮೇಲೆ, ಒಂದು ಶನಿವಾರ, ಕಾರಿನ ಶೆಡ್ಡಿನಲ್ಲಿ ಎಲೆ ಗುಡಿಸುವ ಕುಂಟೆ ಹುಡುಕುತ್ತಿದ್ದಾಗ ಒಂದು ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಗ್ರಿಬಲ್ಸಿನ ಚೀಲಗಳು, ಇಸ್ತ್ರಿ ಮಾಡಿದಂತೆ ಮಡಚಿಟ್ಟವು, ನಲವತ್ತೋ ಐವತ್ತೋ. ಮೇಲಿನ ಚೀಲದಲ್ಲಿ ಟವೆಲ್ಲುಗಳಿದ್ದವು. ನಮ್ಮ ಅಂಗಡಿಗೆ ಟವೆಲ್ ಬರುವುದು ನಿಂತು ಎರಡು ವರ್ಷವಾಗಿತ್ತು. ಚೀಲ ಹಿಡಿದುಕೊಂಡು ಅಡುಗೆಮನೆಗೆ ಹೋದೆ.

"ಇದು ಎಲ್ಲೀದು ಲೊರೀನ್?"

"ಚೀಲದ ಮೇಲೇ ಬರೆದಿದೆಯಲ್ಲ, ಓದು."

"ಚೀಲ ನಮ್ದು. ಟವೆಲ್?"

ಅವಳು ಆಲೂಗಡ್ಡೆ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮಲ್ಲಿ ಇದ್ದಿದ್ರೆ ನಿಮ್ಮಲ್ಲೇ ತರ್ತಿದ್ದೆ. ಇರಲಿಲ್ಲ. ಅಲ್ಲಿ ತರೋದು, ಶೆಡ್ಡಲ್ಲಿ ಚೀಲ ಬದಲಾಯಿಸೋದು, ಒಳಗೆ ತರೋದು. ನಿನಗೆ ಬೇಜಾರಾಗಬಾರದು ಅಂತ."

"ಎಷ್ಟು ದಿನದಿಂದ?"

"ಡೆಲ್, ನೀನು ಈಗ ಹಾಕ್ಕೊಂಡಿರೋ ಚಡ್ಡೀನೂ ಆ ಕಡೇದೇ."

ಹತ್ತು ವರ್ಷ ವೈರಿಯ ಚಡ್ಡಿ ತೊಟ್ಟುಕೊಂಡು ನಾನು ಊಟದ ಕೋಣೆಯಲ್ಲಿ ಶಪಥ ಮಾಡುತ್ತಿದ್ದೆ. ಪ್ಯಾಟ್ಸಿಯ ಕೆಮ್ಮು ಯಾವ ಬಗೆಯದೆಂದು ಆಗ ತಿಳಿಯಿತು. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ. ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವನ ಹಾಗೆ, ಒಂದು ಹೊಸ ಕಾನೂನು ಹೊರಡಿಸಿದೆ. "ತರೋದಾದ್ರೆ ಆ ಚೀಲದಲ್ಲೇ ತಾ. ಆದ್ರೆ ಅದನ್ನ ನಾನು ಕೈಯಲ್ಲಿ ಮುಟ್ಟೋದಿಲ್ಲ."

"ಸರಿ" ಅಂದಳು. "ನನಗೂ ಇಸ್ತ್ರಿ ಕೆಲಸ ತಪ್ಪಿತು."

ಎರಡು ಸಾವಿರದ ಮೂರರ ಜನವರಿಯಲ್ಲಿ ಕಾಗದ ಬಂತು. ಕಂಪನಿ ಮುಳುಗಿದೆ, ಉಳಿದ ಅಂಗಡಿಗಳನ್ನೆಲ್ಲ ಮುಚ್ಚುತ್ತಾರೆ, ನಮ್ಮದಕ್ಕೆ ಎಂಟು ವಾರ. ನಮ್ಮ ಮ್ಯಾನೇಜರು ಐದೇ ದಿನದಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋದ. ಇಪ್ಪತ್ತಾರು ವರ್ಷ ಕಾದ ಬಡ್ತಿ ನನಗೆ ಸಿಕ್ಕಿದ್ದು ಹಾಗೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನಾನು ಎಂಟು ವಾರದ ಕೆಲಸಕ್ಕೆ ‘ಮ್ಯಾನೇಜರ್’ ಎಂದು ಬರೆದ ಹೊಸ ಬಿಲ್ಲೆ ಮಾಡಿಸಿಕೊಂಡೆ.

ಅಂಗಡಿ ಖಾಲಿ ಮಾಡಿಸಲು ಷಿಕಾಗೋದಿಂದ ಬ್ರಾಂಟ್ ಎಂಬವನು ಬಂದ. ಉರಿಯುವ ಮನೆಯಲ್ಲಿ ಗಳ ಹಿರಿಯುವುದೇ ಅವನ ಉದ್ಯೋಗ. ಹಲಗೆ, ಕನ್ನಡಿ, ತಳ್ಳುಗಾಡಿ, ಬಟ್ಟೆ ತೊಟ್ಟು ನಿಂತ ಬೊಂಬೆ, ಎಲ್ಲಕ್ಕೂ ಚೀಟಿ ಅಂಟಿಸಿದ. ಎರಡನೇ ವಾರ ನನ್ನ ಕೋಣೆಗೆ ಬಂದು ನೋಡಿದರೆ ಗಂಟೆಗೂ ಚೀಟಿ. ಇಪ್ಪತ್ತು ಡಾಲರ್.

"ಇದು ಮಾರೋ ಸಾಮಾನಲ್ಲ" ಅಂದೆ.

"ಮ್ಯಾನೇಜರೇ, ನೀವು ಕೂತಿರೋ ಕುರ್ಚೀನೂ ಮಾರೋ ಸಾಮಾನೇ" ಅಂದ ಬ್ರಾಂಟ್. "ಬೇಕಾದ್ರೆ ತಗೊಳ್ಳಿ. ಈ ವಾರ ಹತ್ತು ಪರ್ಸೆಂಟ್ ಕಡಿಮೆ."

ಆ ಗಂಟೆ ನನಗೆ ಬೇಕಿತ್ತು. ಅಂಗಡಿಯ ಕೊನೆಯ ದಿನ, ಐದು ಗಂಟೆಗೆ, ಬಾಗಿಲು ಹಾಕುವ ಮೊದಲು ಅದನ್ನು ಒಂದು ಸಲ ಬಾರಿಸಬೇಕೆಂದು ಕಾಗದ ಬಂದ ದಿನವೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಬದುಕಿನಲ್ಲಿ ಇಷ್ಟು ಆಸೆಪಟ್ಟದ್ದು ಬೇರೆ ಇಲ್ಲ. ತಲೆ ಸರಿಯಿದ್ದ ಯಾವನೇ ಆದರೂ ಹದಿನೆಂಟು ಡಾಲರ್ ಬಿಸಾಕಿ ಎತ್ತಿಕೊಂಡು ಹೋಗುತ್ತಿದ್ದ. ಆದರೆ ನಾನು ಗ್ರಿಬಲ್ಸಿನವನು. ಬ್ರಾಂಟನ ಮೇಜಿನ ಮೇಲಿನ ಕಾಗದ ನನ್ನ ಕಣ್ಣಿಗೆ ಬಿದ್ದಿತ್ತು. ನಾಲ್ಕನೇ ವಾರಕ್ಕೆ ಮೂವತ್ತು ಪರ್ಸೆಂಟ್ ಕಡಿಮೆ, ಆರಕ್ಕೆ ಐವತ್ತು, ಏಳಕ್ಕೆ ಎಪ್ಪತ್ತು, ಕೊನೆಯ ದಿನ ತೊಂಬತ್ತು. ಗಂಟೆಯನ್ನು ಮುರಿದ ಹ್ಯಾಂಗರುಗಳ ಪೆಟ್ಟಿಗೆಯ ಹಿಂದೆ ಸರಿಸಿ, ರಾತ್ರಿ ಊಟಕ್ಕೆ ಕೂತಾಗ ಲೊರೀನ್‌ಗೆ ನನ್ನ ಚಾಣಾಕ್ಷತನ ವಿವರಿಸಿದೆ.

"ಕೊನೇ ದಿನ ಎರಡು ಡಾಲರಿಗೆ ಬರುತ್ತೆ."

"ಅಷ್ಟರಲ್ಲಿ ಯಾರಾದ್ರೂ ತಗೊಂಡ್ರೆ?"

"ಹಸು ಗಂಟೆ ಯಾರಿಗೆ ಬೇಕು?"

"ನಿನಗೆ ಬೇಕಲ್ಲ" ಅಂದಳು. ಆಮೇಲೆ ಆಲೂಗಡ್ಡೆಯ ಬಟ್ಟಲು ನನ್ನ ಕಡೆ ತಳ್ಳಿದಳು.

ಎರಡು ದಿನ ಕಳೆದು ನೋಡಿದರೆ ಹ್ಯಾಂಗರಿನ ಹಿಂದೆ ಗಂಟೆ ಇಲ್ಲ. ಬ್ರಾಂಟನನ್ನು ಕೇಳಿದೆ. "ಮಾರಾಟ ಆಗಿದೆ. ಕೊಂಡೋರ ಮುಖ ನೋಡೋಕೆ ನನಗೆ ಸಂಬಳ ಕೊಡೋದಿಲ್ಲ" ಅಂದ. ಪ್ಯಾಟ್ಸಿಯನ್ನು ಕೇಳಿದೆ. ಅವಳಿಗೆ ಕೆಮ್ಮು ಬಂತು. ನೆಗಡಿಯ ಕಾಲ, ನಾನು ಗಮನ ಕೊಡಲಿಲ್ಲ.

ನನ್ನ ಅನುಮಾನವೆಲ್ಲ ಹಳೆಯ ಸಾಮಾನಿನ ಅಂಗಡಿ ಇಟ್ಟಿದ್ದ ವೆಂಡೆಲ್ ಸ್ಟಾಫರ್ ಮೇಲೆ. ಅವನಲ್ಲಿಗೆ ಹೊರಟೆವು, ಕಾರು ಲೊರೀನ್ ಓಡಿಸಿದಳು. ದಾರಿಯ ಪ್ರತಿ ತಿರುವಿನಲ್ಲೂ ಡಿಕ್ಕಿಯಲ್ಲಿ ಏನೋ ದಡದಡ ಉರುಳುತ್ತಿತ್ತು. "ಜಾಕ್ ಸಡಿಲ ಆಗಿದೆ" ಅಂದೆ. "ಇರಬಹುದು" ಅಂದಳು. ವೆಂಡೆಲ್ ಹತ್ತಿರ ಆರು ಹಸುವಿನ ಗಂಟೆಗಳಿದ್ದವು. ಆರನ್ನೂ ಬಾರಿಸಿ ನೋಡಿದೆ. ನನ್ನ ಗಂಟೆಯ ಅಂಚಿನಲ್ಲಿ ಸೀಳಿತ್ತು, ಅದರ ಠಣ್ ಕೊನೆಯಲ್ಲಿ ಸ್ವಲ್ಪ ಗೊರಗುಟ್ಟುತ್ತಿತ್ತು. ಇವು ಯಾವುದೂ ಗೊರಗುಟ್ಟಲಿಲ್ಲ.

"ಇದರಲ್ಲೇ ಒಂದು ತಗೊಂಡು ಹೋಗು ಮಾರಾಯ" ಅಂದ ವೆಂಡೆಲ್. "ಹಸುಗೇ ವ್ಯತ್ಯಾಸ ಗೊತ್ತಾಗಲ್ಲ, ನಿನಗೆ ಯಾಕೆ?"

"ಬೆಲೆ ಯಾವಾಗ ಇಳಿಸ್ತೀಯ?" ಎಂದು ನನ್ನ ಬಾಯಿ ತನ್ನಷ್ಟಕ್ಕೆ ಕೇಳಿತು. ಲೊರೀನ್ ಹೊರಗೆ ನಡೆದಳು.

ಮನೆ ಮುಟ್ಟಿದ ಮೇಲೆ ಅವಳು ಕಾರಿನಿಂದ ಇಳಿಯದೆ ಹೇಳಿದಳು. "ಡಿಕ್ಕೀಲಿ ಒಂದು ಚೀಲ ಇದೆ. ಒಳಗೆ ತಗೊಂಡು ಬಾ."

"ಯಾವ ಚೀಲ?"

"ಆ ಕಡೇದು."

"ನೀನೇ ತಂದ್ಕೋ. ನನ್ನ ಕಾನೂನು ಗೊತ್ತಲ್ಲ."

"ಹಾಗಾದ್ರೆ ಅಲ್ಲೇ ಇರ್ಲಿ" ಅಂದಳು.

ಅದು ಅಲ್ಲೇ ಇತ್ತು. ವಾರಕ್ಕೆರಡು ಸಲ ಅವಳು ಹೇಳಿದಳು, ವಾರಕ್ಕೆರಡು ಸಲ ನಾನು ಸೆಟೆದುಕೊಂಡೆ. ಅಂಗಡಿ ಮುಚ್ಚುತ್ತಿದ್ದವರಿಗೆ ಉಳಿದಿದ್ದ ಆಸ್ತಿ ಹಠವೊಂದೇ. ರಾತ್ರಿ ಮಲಗಿದರೆ ಗಂಟೆಯದೇ ಯೋಚನೆ. ಯಾರದೋ ಮನೆಯ ಗೋಡೆಯ ಮೇಲೆ ಅದು ಹೂಕುಂಡವಾಗಿ ತಲೆಕೆಳಗು ನೇತಾಡುತ್ತಿರುವುದನ್ನು ನೆನೆಸಿಕೊಂಡು ಹೊಟ್ಟೆ ಉರಿಯುತ್ತಿತ್ತು.

ಕೊನೆಯ ದಿನ ಅಂಗಡಿಯಲ್ಲಿ ಉಳಿದದ್ದು ಎರಡು ಬೊಂಬೆ, ಒಂದು ಪೆಟ್ಟಿಗೆ ಹ್ಯಾಂಗರು, ಹನ್ನೊಂದು ಮಂದಿ ನೌಕರರು. ಐದಕ್ಕೆ ಹದಿನೈದು ನಿಮಿಷವಿರುವಾಗ ಎಲ್ಲರೂ ಥರ್ಮಾಸ್ ಇಡುತ್ತಿದ್ದ ಸಾಲಿನಲ್ಲಿ, ಈಗ ಬರಿ ನೆಲ, ನನ್ನ ಸುತ್ತ ನಿಂತರು. ಮ್ಯಾನೇಜರ್ ಏನಾದರೂ ಹೇಳಬೇಕಲ್ಲ. ನನಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಆ ಜಾಗದಲ್ಲಿ ಅವು ಖಾಲಿ ನಿಂತಿರಲಿಲ್ಲ. ಅಳು ಬಂತು, ಕೆಮ್ಮಿದೆ. ಕೆಮ್ಮುವುದು ಎಷ್ಟು ಉಪಯೋಗದ ವಿದ್ಯೆ ಎಂದು ಪ್ಯಾಟ್ಸಿಯಿಂದ ಕಲಿತಿದ್ದೆ.

ಆಗ ಮುಂಬಾಗಿಲಿನಿಂದ ಲೊರೀನ್ ಬಂದಳು. ಬಸ್ಸಿನ ಜಾಕೆಟ್ಟು, ಕೈಯಲ್ಲಿ ರಸ್ತೆಯಾಚೆಯ ಅಂಗಡಿಯ ಚೀಲ. ಗ್ರಿಬಲ್ಸಿನೊಳಗೆ ಆ ಚೀಲ ಹಿಡಿದು ನಡೆದವಳು ಅವಳೊಬ್ಬಳೇ ಇರಬೇಕು. ನೇರ ನನ್ನ ಮುಂದೆ ಬಂದು ಅದನ್ನು ಚಾಚಿದಳು.

"ಹಿಡ್ಕೋ."

"ಲೊರೀನ್, ಎಲ್ಲರ ಮುಂದೆ..."

"ಐದು ವಾರದಿಂದ ಹೇಳ್ತಿದೀನಿ. ಕಚ್ಚೋದಿಲ್ಲ, ಹಿಡ್ಕೋ."

ಹಿಡಿದೆ. ಚೀಲ ಭಾರವಿತ್ತು. ಒಳಗೆ ಒಂದು ಟವೆಲ್ಲು, ಟವೆಲ್ಲಿನೊಳಗೆ ಅಂಚು ಸೀಳಿದ ನನ್ನ ಗಂಟೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನ ಕಥೆಯನ್ನು ಕೇಳಿ ನಕ್ಕವರಲ್ಲಿ ನಾನೂ ಒಬ್ಬ. ನಾನು ಕೂಸನ್ನು ಡಿಕ್ಕಿಯಲ್ಲಿಟ್ಟುಕೊಂಡು ವೆಂಡೆಲ್ ಅಂಗಡಿಗೇ ಹೋಗಿದ್ದೆ.

"ಎಷ್ಟು ಕೊಟ್ಟೆ?" ಅಂದೆ. ದೇವರಾಣೆ, ಮೊದಲು ಬಾಯಿಗೆ ಬಂದದ್ದು ಅದೇ ಮಾತು.

"ಹದಿನೆಂಟು."

"ಇವತ್ತಿನವರೆಗೆ ಕಾದಿದ್ರೆ ಎರಡಕ್ಕೆ ಬರ್ತಿತ್ತು."

"ಗೊತ್ತು" ಅಂದಳು ಲೊರೀನ್. "ಬಾರಿಸು."

ಬಾರಿಸಿದೆ. ಖಾಲಿ ಅಂಗಡಿಯಲ್ಲಿ ಅಷ್ಟು ದೊಡ್ಡ ಸದ್ದನ್ನು ಅದು ಎಂದೂ ಮಾಡಿರಲಿಲ್ಲ. ಕೊನೆಯಲ್ಲಿ ಗೊರಗುಟ್ಟಿತು. ಅರ್ಧ ಬೆಲೆಗೆ ಕೊಡಲು ಏನೂ ಇರಲಿಲ್ಲ, ಓಡಿಬರಲು ಯಾರೂ ಇರಲಿಲ್ಲ. ಲೊರೀನ್ ಮಾತ್ರ ನನ್ನೆದುರು ನಿಂತಿದ್ದಳು, ಅವಳು ಆಗಲೇ ಬಂದಾಗಿತ್ತು. ನಾನು ಎಲ್ಲರ ಮುಂದೆ ಅತ್ತೆ, ಈ ಸಲ ಕೆಮ್ಮಲಿಲ್ಲ.

ಐದಕ್ಕೆ ಬ್ರಾಂಟ್ ಬೀಗದ ಕೈ ಹಿಡಿದುಕೊಂಡು ಬಂದ. "ಮುಗೀತಾ?"

ಹತ್ತು ನಿಮಿಷ ಸರಿಯಾಗಿ ಆಗಿತ್ತು. ಕೈ ಎತ್ತಬೇಕು, ನನಗೆ ಎತ್ತಲಾಗಲಿಲ್ಲ.

"ಇಲ್ಲ" ಅಂದಳು ಲೊರೀನ್. "ಎರಡನೇ ಗಂಟೆ ಬಾರಿಸಿಲ್ಲ. ನಿಯಮ ಅಂದ್ರೆ ನಿಯಮ."

ಬ್ರಾಂಟನಿಗೆ ಏನೂ ಅರ್ಥವಾಗಲಿಲ್ಲ, ಅವನು ಬೀಗ ಹಾಕಿದ. ನಾನು ದಾರಿಯಲ್ಲಿ ತಪ್ಪಿಯೂ ಸದ್ದಾಗದಿರಲೆಂದು ಗಂಟೆಯ ನಾಲಗೆಗೆ ಟವೆಲ್ಲು ಸುತ್ತಿ, ಆ ಕಡೆಯ ಚೀಲದಲ್ಲೇ ಇಟ್ಟು, ಮನೆ ಮುಟ್ಟುವ ತನಕ ತೊಡೆಯ ಮೇಲೆ ಹಿಡಿದುಕೊಂಡು ಕೂತೆ.