ಕನಸಿಗೂ ಅಪ್ಪಣೆ ಕೇಳುವ ಸೊಸೆ

ನಮ್ಮ ಸೊಸೆ ಕಾಯುವ ಕಂಪ್ಯೂಟರಿಗೆ ಕಳ್ಳರಿರಲಿ, ಕನಸು ಕೂಡ ಅಪ್ಪಣೆಯಿಲ್ಲದೆ ನುಗ್ಗುವುದಿಲ್ಲ ಎಂದು ಊರೆಲ್ಲ ಡಂಗುರ ಹೊಡೆದವನು ನಾನು. ಸರ್ಕಾರಿ ಕಚೇರಿಗಳ ಕಂಪ್ಯೂಟರುಗಳನ್ನು ಇಂಟರ್ನೆಟ್ ಕಳ್ಳರಿಂದ ಕಾಯುವ ಕೆಲಸವನ್ನು ಮಾತಾಡಿ ತನ್ನ ಕಂಪನಿಗೆ ಕೊಡಿಸುವುದು ಅವಳ ಉದ್ಯೋಗ.

ಒಂದು ಮಧ್ಯಾಹ್ನ ಆ ಕೆಲಸ ಯಾರಿಗೆಂದು ನೀರು ಸರಬರಾಜು ಮಂಡಳಿಯ ತೀರ್ಮಾನವಿತ್ತು; ಸೊಸೆಯ ಪ್ರತಾಪ ನೋಡಲು ನಾನೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಗಾಜಿನ ಗೋಡೆಯಾಚೆಗಿನ ಜಲಾಶಯದ ಬೆಳಕು ಚಾವಣಿಯ ಮೇಲೆ ತೇಲುತ್ತಿತ್ತು. ಕೆಳಗೆ ಅಧಿಕಾರಿಗಳು ನೀರಡಿಯ ಮೀನುಗಳಂತೆ ತೂಕಡಿಸುತ್ತಿದ್ದರು.

"ನಿಮ್ಮ ಕಂಪನಿಗೇ ಯಾವತ್ತಾದ್ರೂ ಕಳ್ಳರು ನುಗ್ಗಿದ್ದಾರೇನಮ್ಮಾ?" ಎಂದರು ಅಧ್ಯಕ್ಷರು.

ಇಲ್ಲವೆನ್ನಬೇಕೆಂದು ಕಂಪನಿಯವರು ಗಿಳಿಪಾಠ ಮಾಡಿಸಿ ಕಳಿಸಿದ್ದರು.

"ಹೂಂ ಸಾರ್, ಹೋದ ವರ್ಷ," ಎಂದುಬಿಟ್ಟಳು ಸೊಸೆ. ನನ್ನ ಡಂಗುರದ ಚರ್ಮ ಅಲ್ಲೇ ಹರಿಯಿತು.

ಅಧ್ಯಕ್ಷರು ಎದೆಯುಬ್ಬಿಸಿದರು. "ನಮ್ಮಲ್ಲಿ ಇವತ್ತಿನವರೆಗೂ ಒಂದು ನರಪಿಳ್ಳೆನೂ ನುಗ್ಗಿಲ್ಲ! ನಿಮ್ಮನ್ನ ಹೇಗಮ್ಮ ನಂಬೋದು?"

"ನುಗ್ಗಿದ್ದು ನಮಗೆ ಅವತ್ತೇ ಗೊತ್ತಾಯ್ತು ಸಾರ್. ನುಗ್ಗಿದ್ರೆ ನಿಮಗೆ ಗೊತ್ತಾಗುತ್ತಾ?"