ಸಂದು ತಪ್ಪಿದ ತೋಟೆ

ಎಪ್ಪತ್ತರ ದಶಕದ ಕೊನೆಯಲ್ಲಿ ಅಣ್ಣ ಸೈನ್ಯದಿಂದ ನಿವೃತ್ತನಾಗಿ ಕಾರ್ಕಳದ ಹತ್ತಿರದ ನಮ್ಮ ಮನೆಗೆ ಬಂದ. ಗದ್ದೆಗೆ ಇಳಿಯುವ ಕಾಡುಹಂದಿಗಳಿಗಾಗಿ ಲೈಸೆನ್ಸ್ ಮಾಡಿಸಿ ಒಂದು ರೈಫಲ್ ಇಟ್ಟುಕೊಂಡ. ಹೊಸ ತೋಟೆ ಸಿಗುವುದು ಕಷ್ಟವಾಗಿತ್ತು. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪುಗಳಿಗೇ ಮತ್ತೆ ಮದ್ದು ತುಂಬುತ್ತಿದ್ದ. ನಾನಾಗ ಉಡುಪಿಯ ಒಂದು ಬ್ಯಾಂಕಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಭಾನುವಾರಗಳಲ್ಲಿ ಅವನ ಮೇಜಿನ ಪಕ್ಕ ಕುಳಿತು ಅಕ್ಕಿ ಆರಿಸುತ್ತಿದ್ದೆ.

ಒಮ್ಮೆ ಹಾರಿದ ಚಿಪ್ಪು ಕೋವಿಯೊಳಗೆ ಉಬ್ಬುತ್ತದೆ. ಅದನ್ನು ಉಕ್ಕಿನ ಅಚ್ಚಿಗೆ ಒತ್ತಿ ಅಳತೆಗೆ ತರಬೇಕು.

"ಕಡಿಮೆ ಒತ್ತಿದರೆ ತೋಟೆಯ ಹಿಂದೆ ಕೂರುವ ಬೋಲ್ಟು ಮುಚ್ಚುವುದಿಲ್ಲ," ಎಂದು ಅಣ್ಣ ಹೇಳಿದ್ದ. "ಜಾಸ್ತಿ ಒತ್ತಿದರೆ ಒಳಗೆ ಸಂದು ಬಿಡ್ತದೆ. ಹಿತ್ತಾಳೆ ಆ ಸಂದಿಗೆ ಜಗ್ಗಿ ಬುಡದಲ್ಲಿ ಹರಿದರೆ ಬೆಂಕಿ ನಮ್ಮ ಮುಖಕ್ಕೇ ಬರುವುದು."

ಅದಕ್ಕೇ ಒಂದೊಂದು ಚಿಪ್ಪನ್ನೂ ರೈಫಲ್ಲಿಗೆ ಹಾಕಿ ನೋಡಿ, ಬೋಲ್ಟು ತುಸು ಬಿಗಿಯಾಗಿ ಮುಚ್ಚುವಲ್ಲಿಗೆ ಅಚ್ಚನ್ನು ನಿಲ್ಲಿಸುತ್ತಿದ್ದ.

ಗಲ್ಫಿನಿಂದ ಮರಳಿ ಶಿರ್ವದಲ್ಲಿ ಮನೆ ಕಟ್ಟಿಸಿದ್ದ ಅವನ ಗೆಳೆಯನೊಬ್ಬ ಅಂಥದೇ ರೈಫಲ್ ಕೊಂಡ. ಅಣ್ಣನ ತೋಟೆ ಅದರಲ್ಲಿ ಕೂರಲಿಲ್ಲ. "ನನ್ನದಕ್ಕೂ ಸರಿಯಾಗುವ ಹಾಗೆ ಮಾಡಿಕೊಡು ಮಾರಾಯ," ಎಂದು ದುಂಬಾಲು ಬಿದ್ದ. ಅಣ್ಣ ಅಚ್ಚನ್ನು ಇನ್ನಷ್ಟು ಕೆಳಗಿಳಿಸಿ, ಚಿಪ್ಪನ್ನು ಜಾಸ್ತಿ ಒತ್ತಿ ಮಾಡಿಕೊಟ್ಟ. ಆಮೇಲೆ ಅದನ್ನು ಮೊದಲಿನ ಜಾಗಕ್ಕೆ ತರದೆ ತನ್ನ ಚಿಪ್ಪುಗಳನ್ನೂ ಒತ್ತಿದ.

ಒಂದು ಸಂಜೆ ಗದ್ದೆಯ ಕಡೆಯಿಂದ ಸದ್ದು ಬಂತು. ಹಿಂದೆಯೇ ಅಣ್ಣನ ಕೂಗು. ಅತ್ತಿಗೆ ಮತ್ತು ನಾನು ಓಡಿದೆವು. ಅಣ್ಣ ಗದ್ದೆಯಂಚಿನ ಕಂಟದ ಮೇಲೆ ಕುಳಿತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಕಾರು ಹಿಡಿದು ಮಣಿಪಾಲಕ್ಕೆ ಹೋದೆವು. ಬಲಗಣ್ಣು ಉಳಿಯಲಿಲ್ಲ.

ಎಚ್ಚರವಾದಾಗ ಅವನು ಅತ್ತಿಗೆ ಎಲ್ಲಿ ಎಂದು ಕೇಳಲಿಲ್ಲ. "ಬೋಲ್ಟಿನಲ್ಲಿ ಎಂತ ಸಿಕ್ಕಿತು?" ಎಂದ. ನಾನು ಮನೆಗೆ ಹೋಗಿ ನೋಡಿದಾಗ ಸಿಕ್ಕಿದ್ದು ಚಿಪ್ಪಿನ ಬುಡ ಮಾತ್ರ; ಉಳಿದದ್ದು ನಳಿಗೆಯೊಳಗೇ ಕಚ್ಚಿಕೊಂಡಿತ್ತು. ಮರುದಿನ ಆ ಬುಡವನ್ನು ತಂದು ಅವನ ಅಂಗೈಯಲ್ಲಿಟ್ಟೆ. ಹರಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿದ.

"ಅಚ್ಚನ್ನು ನಾನು ಮೇಲೆ ಮಾಡಲೇ ಇಲ್ಲ," ಎಂದ. "ನೀನು ಶಿರ್ವಕ್ಕೆ ಹೋಗು. ಅವನಲ್ಲಿ ಉಳಿದ ತೋಟೆ ಎಲ್ಲ ತಾ. ಅವೂ ಹಳೆಯ ಚಿಪ್ಪುಗಳೇ. ಎಷ್ಟು ಜಗ್ಗಿವೆಯೋ ಗೊತ್ತಿಲ್ಲ."

ಬಸ್ಸು ಹಿಡಿದು ಹೋದೆ. ಗೆಳೆಯ ಮನೆಯೆದುರಿನ ಸಿಟ್ಔಟಿನಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡ.

"ನನ್ನದರಲ್ಲಿ ಏನೂ ತೊಂದರೆ ಆಗಲಿಲ್ಲ, ಅಲ್ವಾ?" ಎಂದ. "ತೋಟೆ ಇಲ್ಲೇ ಉಳಿಯಲಿ ಬಿಡಿ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಒಳಗೆ ಹೋಗಿ ತೋಟೆಯ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. ಅವಳು ಗಂಡನ ಮುಖ ನೋಡಲಿಲ್ಲ.

ಗೆಳೆಯ ಅಣ್ಣನನ್ನು ನೋಡಲು ಬರಲೇ ಇಲ್ಲ. ಅಣ್ಣ ರೈಫಲ್ಲನ್ನೂ ಆ ಡಬ್ಬಿಯನ್ನೂ ಠಾಣೆಗೆ ಒಪ್ಪಿಸಿದ. ಅಂಗಳದ ಮೆಟ್ಟಿಲಿನ ಅಂದಾಜು ಸಿಗದೆ ಮುಗ್ಗರಿಸುತ್ತಿದ್ದ. ಹಿಡಿಯಲು ಹೋದರೆ ಕೈ ಕೊಡವುತ್ತಿದ್ದ. ಅತ್ತಿಗೆ ಗದ್ದೆಯ ಬದಿಯಲ್ಲಿ ಕುಳಿತು ತಗಡಿನ ಡಬ್ಬ ಬಡಿದಳು. ಆದರೂ ಹಂದಿಗಳು ಬಂದವು. ಮರುವರ್ಷ ನಾವು ಆ ಗದ್ದೆಯಲ್ಲಿ ಭತ್ತದ ನೇಜಿ ನೆಡಲಿಲ್ಲ.